ಗ್ಯಾರೇಜಿನಲ್ಲಿ ನಾನು ಮಾಡಿದ ಚಳಿಗಾಲ

ಕಳೆದ ತಿಂಗಳು ವೆಸ್ಟ್ ಕೊವಿನಾದಲ್ಲಿ ನಿಮ್ಮ ಜೊತೆ ಅಂಗಡಿಗೆ ಬಂದಿದ್ದೆನಲ್ಲ, ಆವತ್ತು ಕೊತ್ತಂಬರಿ ಹುಡುಕುತ್ತ ದಾರಿ ತಪ್ಪಿ ಮೀನು ಮಾರುವ ಕಡೆ ಹೋಗಿಬಿಟ್ಟೆ. ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿದ್ದರು. ಒದ್ದೆ ಕಲ್ಲಿನಂಥ, ತೊಳೆಯದ ತಾಮ್ರದ ಕೊಡದಂಥ ತಣ್ಣನೆಯ ವಾಸನೆ ಮೂಗಿಗೆ ಬಂತು. ನಮ್ಮ ಮನೆತನದಲ್ಲಿ ಮೀನು ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಆದರೂ ನನಗೆ ಹೇಸಿಗೆ ಆಗಲಿಲ್ಲ. ಬಹಳ ದಿನದ ಮೇಲೆ ಪರಿಚಯದವರು ಸಿಕ್ಕಂತೆ ನಿಂತುಬಿಟ್ಟೆ. ಮಗಳ ಮಗಳು ನಿಧಿ ಹಿಂದಿನಿಂದ ಬಂದು, "ಆಯಿ, ನಿನ್ನ ಫ್ರೆಂಡ್ಸ್" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆರ್ಯ, ಅನ್ವಿ, ನೀವಿಬ್ಬರೂ ಮನೆ ಮುಟ್ಟುವವರೆಗೂ ಯಾಕೆ ಯಾಕೆ ಎಂದು ಕೇಳಿದಿರಿ. ನಾನು ಎದುರು ಕೂತು ಹೇಳುವವಳಲ್ಲ. ಏಳನೆಯ ಇಯತ್ತೆಯವರೆಗೆ ನಮ್ಮೂರ ಕನ್ನಡ ಶಾಲೆಯಲ್ಲಿ ಕಲಿತೆ. ಅಲ್ಲಿಯೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ಬರೆದು ಕೊಡುತ್ತೇನೆ, ನಿಮ್ಮಪ್ಪ ಓದಿ ಹೇಳಲಿ. ಇದರಲ್ಲಿ ನಿಧಿಯ ವಿಷಯವೂ ಬರುವುದರಿಂದ ಮೊದಲು ಅವಳನ್ನು ಕೇಳಿದೆ. ಎಲ್ಲ ಬರೆ, ಆದರೆ ಕನ್ನಡದಲ್ಲೇ ಬರೆ ಎಂದಳು. ಅವಳ ಗೆಳತಿಯರಿಗೆ ಓದಲು ಬರುವುದಿಲ್ಲವಂತೆ.

ಅದು ಎರಡು ಸಾವಿರದ ಇಪ್ಪತ್ತು ಮುಗಿದು ಇಪ್ಪತ್ತೊಂದು ಹತ್ತಿದ ಚಳಿಗಾಲ. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಆರು ತಿಂಗಳ ಮಟ್ಟಿಗೆ ಎಂದು ಸ್ಯಾನ್ ಡಿಯಾಗೋದ ಮಗಳ ಮನೆಗೆ ಬಂದಿದ್ದೆ. ಬಂದ ತಿಂಗಳೊಪ್ಪತ್ತಿನಲ್ಲಿ ರೋಗ ಬಂತು, ವಿಮಾನ ನಿಂತವು, ನಾನೂ ನಿಂತೆ. ಅಳಿಯ ಪ್ರಶಾಂತರದು ಟೆಲಿಕಾಂ ಕೆಲಸ. ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದರು. ನಿಧಿಯ ಶಾಲೆ ಅವಳ ಕೋಣೆಗೆ ಬಂದಿತ್ತು. ಆಗ ಅವಳಿಗೆ ಹನ್ನೊಂದು ನಡೆದಿತ್ತು. ಒಂದು ದಿನ ನನ್ನ ಮಗಳು ಶೈಲಾಳ ಕೆಲಸವೂ ಮನೆಗೆ ಬಂತು. ಎಲ್ಲರ ಕೆಲಸ ಕಂಪ್ಯೂಟರಿನಲ್ಲಿ ಬಂದರೆ ಇವಳದು ನೀರಿನಲ್ಲಿ ಬಂತು.

ಶೈಲಾಳದು ಸಾಕಿದ ಮೀನುಗಳ ಮೇಲೆ ಅಭ್ಯಾಸ. ಸಾಲ್ಮನ್ ಎನ್ನುವ ಮೀನು. ಅವಳ ಕಂಪನಿ ಮೀನಿನ ತೊಟ್ಟಿಗಳನ್ನು ಇಟ್ಟಿದ್ದ ಶೆಡ್ಡಿನೊಳಗೆ ಜನ ಸೇರಬಾರದೆಂದು ಆಯಿತು. ಮೇಲಿನವರನ್ನು ಕೇಳಿಕೊಂಡು ಅವಳು ಎರಡು ದೊಡ್ಡ ತೊಟ್ಟಿಗಳನ್ನು ಗ್ಯಾರೇಜಿಗೆ ತರಿಸಿದಳು. ಕಾರು ಹೊರಗೆ ನಿಂತಿತು. ನೀರು ತಂಪು ಮಾಡುವ ಯಂತ್ರ ಬಂತು. ಅದು ಇಡೀ ದಿನ ಬೀಗರ ಮನೆಯ ಮುದುಕನ ಹಾಗೆ ಗೊರಗೊರ ಎನ್ನುತ್ತಿತ್ತು. ನಡುವೆ ಕರಿಯ ಪರದೆ. ಒಂದೊಂದರಲ್ಲಿ ನಲವತ್ತು ಮೀನು, ಒಂದೂವರೆ ಗೇಣು ಉದ್ದ, ಹೊಸ ಬೆಳ್ಳಿ ಬಟ್ಟಲಿನ ಬಣ್ಣ.

ಮೊದಲ ವಾರ ನಾನು ಅತ್ತ ಹಾಯಲಿಲ್ಲ. ಆದರೆ ಬಟ್ಟೆ ಒಗೆಯುವ ಮಶೀನು ಗ್ಯಾರೇಜಿನಲ್ಲೇ ಇತ್ತು. ನನ್ನ ಸೀರೆಗಳನ್ನು ಇನ್ನೊಬ್ಬರ ಕೈಗೆ ಕೊಡುವವಳಲ್ಲ ನಾನು. ಹೋಗಿ ಬಂದಾಗೊಮ್ಮೆ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡೆ. ಎರಡನೆಯ ವಾರಕ್ಕೆ ವಿಭೂತಿ ಬೇಗ ಖರ್ಚಾಗುತ್ತಿದೆ ಅನ್ನಿಸಿತು. ಮೂರನೆಯ ವಾರಕ್ಕೆ, ಎಡಗಡೆ ತೊಟ್ಟಿಯಲ್ಲಿ ಒಂದು ಮೀನಿಗೆ ಬಾಲದ ಹತ್ತಿರ ಕಚ್ಚು ಇದೆಯೆಂದು ನನಗೆ ಗೊತ್ತಾಗಿಬಿಟ್ಟಿತ್ತು.

ಅವಳ ಕೆಲಸ ಏನು ಎಂದು ಒಮ್ಮೆ ಕೇಳಿದೆ. ಮಗಳು ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತಳು.

"ಅವ್ವಾ, ಈ ಗಂಡು ಮೀನು ಅದಾವಲ್ಲ, ಇವು ಇಷ್ಟು ಲಗೂನ ಮೈನೆರಿಬಾರದು. ಮೈನೆರೆದ್ರ..."

ಆ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದೆ. ಇಟ್ಟಿರಲಿಲ್ಲ. ಪಕ್ಕದ ಮೇಜಿನಲ್ಲಿ ಅಳಿಯಂದಿರು ಕೂತಿರುವಾಗ, ಅವರ ಕಿವಿಯಲ್ಲಿ ಅದೆಂಥದೋ ಸಿಕ್ಕಿಸಿಕೊಂಡಿದ್ದರೂ, ಆ ಶಬ್ದ ನಡುಮನೆಯಲ್ಲಿ ಬರಬಹುದೇ? ಅದೂ ಗಂಡು ಮೀನಿನ ವಿಷಯದಲ್ಲಿ? ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳ ಮಾತನ್ನೇ ಅಡಿಗೆಮನೆಯ ಆಚೆ ಯಾರೂ ಆಡುತ್ತಿರಲಿಲ್ಲ. ಇನ್ನೆರಡು ನಿಮಿಷ ಕೂತಿದ್ದರೆ ಶೈಲಾ ದೀಪದ ವಿಷಯಕ್ಕೆ ಬರುತ್ತಿದ್ದಳು. ಇಲ್ಲದ ಹಾಲು ಇಳಿಸಲು ಹೋದವಳಿಗೆ ದೀಪದ ವಿಷಯ ತಿಳಿಯಲಿಲ್ಲ.

ಎರಡೂ ತೊಟ್ಟಿಗಳ ಮೇಲೆ ಒಂದೊಂದು ದೊಡ್ಡ ದೀಪ ಇತ್ತು. ಬಲಗಡೆಯದು ಹೊತ್ತು ಮುಳುಗುವಾಗ ತಾನೇ ಆರುತ್ತಿತ್ತು. ಎಡಗಡೆಯದು ಉರಿಯುತ್ತಲೇ ಇರುತ್ತಿತ್ತು. ಕಾರ್ತಿಕದಲ್ಲಿ ಒಂದು ಸಂಜೆ ಒಗೆದ ಬಟ್ಟೆ ತರಲು ಹೋದಾಗ ಇದನ್ನು ಕಂಡೆ. ಮರುದಿನವೂ ಹಾಗೆಯೇ. ಪಾಪ, ಶೈಲಾ ಕೆಲಸದ ಗಡಿಬಿಡಿಯಲ್ಲಿ ಮರೆಯುತ್ತಾಳೆ ಅಂದುಕೊಂಡೆ. ಹೇಳಿದರೆ ಅವಳಿಗೆ ಕೆಡಕು ಅನ್ನಿಸೀತು. ಅಳಿಯಂದಿರ ಮುಂದೆ ಹೇಳಿದರಂತೂ ಮಗಳ ಮರೆವನ್ನು ನಾನೇ ಆಡಿ ತೋರಿಸಿದಂತೆ. ಮಗಳ ಮನೆಯಲ್ಲಿ ಇರುವವಳು ಇಂಥದನ್ನು ಸದ್ದಿಲ್ಲದೆ ಸರಿಮಾಡಬೇಕು. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಬಟ್ಟೆಯ ನೆಪ ಮಾಡಿ ಹೋಗಿ, ಎಡಗಡೆ ದೀಪ ಆರಿಸಿ, "ಮಲಕೊಳ್ರೆಪ್ಪಾ" ಎಂದು ಹೇಳಿ ಬರತೊಡಗಿದೆ. ಬೆಳಗ್ಗೆ ಸ್ನಾನ ಮುಗಿಸಿ, ಲಿಂಗಪೂಜೆಗೆ ಕೂಡುವ ಮೊದಲು ಹೋಗಿ ಹಚ್ಚುತ್ತಿದ್ದೆ. ಮರೆತದ್ದು ಯಾರಿಗೂ ಗೊತ್ತಾಗಬಾರದಲ್ಲ.

ಶೈಲಾ ಗ್ಯಾರೇಜಿಗೆ ಹೋಗುತ್ತಿದ್ದದ್ದು ಒಂಬತ್ತಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಕತ್ತಲಾದ ಮೇಲೆ ಬಾಗಿಲು ತೆರೆದರೆ ಮನೆಯ ಬೆಳಕು ಬಲಗಡೆ ಮೀನಿನ ಮೇಲೆ ಬೀಳುತ್ತದೆಂದು ಕಟ್ಟುನಿಟ್ಟಾಗಿ ಹೋಗುತ್ತಿರಲಿಲ್ಲ. ನೀರಿನ ಬಿಸಿ ಎಷ್ಟು ಎಂದು ಬರೆದಿಡುವ ಯಂತ್ರವಿತ್ತು. ಬೆಳಕು ಬರೆದಿಡುವ ಯಂತ್ರ ಶೆಡ್ಡಿನಲ್ಲೇ ಉಳಿದಿತ್ತು. ಹೀಗಾಗಿ ಸುಮಾರು ಎರಡು ತಿಂಗಳು ನಾನೂ ಮೀನುಗಳೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಎದ್ದೆವು.

ಸಂಕ್ರಾಂತಿ ಆದ ಎರಡು ದಿನಕ್ಕೆ ನಿಧಿ ಊಟಕ್ಕೆ ಕೂತಾಗ ಶಾಲೆಯ ಯಾವುದೋ ಬರವಣಿಗೆಗೆಂದು ಅಮ್ಮನನ್ನು ಮೀನಿನ ಬಗ್ಗೆ ಕೇಳಿದಳು. ಸಜ್ಜಿ ರೊಟ್ಟಿ ಮುರಿಯುತ್ತ ಶೈಲಾ ಹೇಳಿದಳು. ಈ ಸಲ ನನ್ನ ತಟ್ಟೆಯಲ್ಲಿ ಊಟವಿತ್ತು, ಏಳುವ ಹಾಗಿರಲಿಲ್ಲ.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮೀನಿನ ಹತ್ತಿರ ಕ್ಯಾಲೆಂಡರ್ ಇಲ್ಲ, ಕತ್ತಲೆಯೇ ಅದರ ಕ್ಯಾಲೆಂಡರ್. ಕತ್ತಲಾದಾಗ ಅದರ ತಲೆಯೊಳಗೆ ಒಂದು ರಸ ಹುಟ್ಟುತ್ತದೆ, ಬೆಳಕಾದಾಗ ಇಳಿಯುತ್ತದೆ. ಅದರಿಂದ ರಾತ್ರಿ ಎಷ್ಟು ಉದ್ದ ಎಂದು ಮೀನಿಗೆ ತಿಳಿಯುತ್ತದೆ. ರಾತ್ರಿ ಉದ್ದವಾಗಿದ್ದು ಆಮೇಲೆ ಹಗಲು ಬೆಳೆದರೆ, ಚಳಿಗಾಲ ಮುಗಿಯಿತು, ಕಾಲ ಬಂತು ಎಂದು ಅರ್ಥ. ಮೈಯಲ್ಲಿ ಕೊಬ್ಬು ಸಾಕಷ್ಟಿದ್ದರೆ ಮಿದುಳಿನಿಂದ ಕೆಳಗಿನ ಗ್ರಂಥಿಗೆ, ಅಲ್ಲಿಂದ ಹೊಟ್ಟೆಗೆ ಹಾರ್ಮೋನಿನ ಓಲೆ ಹೋಗುತ್ತದೆ. ನಮ್ಮಲ್ಲಿ ತಾಲ್ಲೂಕು ಕಚೇರಿಯಿಂದ ಊರ ಚಾವಡಿಗೆ ಕಾಗದ ಬರುವ ಹಾಗೆ. ಓಲೆ ಮುಟ್ಟಿದ ಮೇಲೆ ಮೀನು ಬೆಳೆಯುವುದನ್ನು ಬಿಡುತ್ತದೆ. ಬೆಳ್ಳಿ ಬಣ್ಣ ಹೋಗಿ ಕಂದಾಗುತ್ತದೆ, ಕೆಳದವಡೆ ಕೊಂಡಿಯ ಹಾಗೆ ಬಾಗುತ್ತದೆ, ಮಾಂಸ ಕೆಡುತ್ತದೆ. ಸಾಕಿದವನಿಗೆ ನಷ್ಟ, ಮೀನಿಗೂ ಸುಖವಿಲ್ಲ.

ಹಾಗಾದರೆ ತಡೆಯುವುದು ಹೇಗೆ ಎಂದು ನಿಧಿ ಕೇಳಿದಳು.

"ಕತ್ತಲಿನ ಕೊಡಬಾರದು. ಸಮುದ್ರದಾಗ ಬಲೆ ಕಟ್ಟಿ ಸಾಕೋರು ಚಳಿಗಾಲದಾಗ ಇಡೀ ರಾತ್ರಿ ದೀಪ ಹಚ್ಚತಾರ, ಭಾಳಷ್ಟು ತಡೀತೈತಿ. ಆದ್ರ ತೊಟ್ಟಿ ನೀರು ಬೆಚ್ಚಗಿದ್ರ ಅದ ದೀಪ ಒಮ್ಮೊಮ್ಮೆ ಉಲ್ಟಾನೂ ಮಾಡತೈತಿ. ನನ್ನ ಪ್ರಶ್ನೆ ಅದ. ಎಡಗಡೆ ದೀಪ ನವೆಂಬರ್‌ದಿಂದ ಒಂದು ನಿಮಿಷ ಸೈತ ಆರಿಲ್ಲ."

ರೊಟ್ಟಿ ನನ್ನ ಗಂಟಲಲ್ಲಿ ನಿಂತಿತು. ಅಳಿಯಂದಿರು, "ಅತ್ತೆ, ನೀರು ಕುಡೀರಿ" ಎಂದು ಲೋಟ ಸರಿಸಿದರು. ಆಮೇಲೆ ಗಂಡ ಹೆಂಡತಿ ಇಂಗ್ಲಿಷಿಗೆ ಹೊರಳಿದರು. ಜೂನ್ ಎಂಬುದು ನಾಲ್ಕು ಸಲ ಬಂತು. ನಿಧಿಯನ್ನು ಕೇಳಿ ತಿಳಿದುಕೊಂಡೆ: ಶೈಲಾಳ ಕೆಲಸ ಜೂನ್‌ವರೆಗೆ ಮಾತ್ರ. ಈ ಎರಡು ತೊಟ್ಟಿಗಳಿಂದ ಸರಿಯಾದ ಉತ್ತರ ಸಿಕ್ಕರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆಗ ಮನೆ ಬಿಟ್ಟು ಬೇರೆ ಊರಿಗೆ ಹೋಗಬೇಕು. ನಿಧಿಗೆ ಶಾಲೆ ತಪ್ಪುತ್ತದೆ, ಗೆಳತಿಯರು ತಪ್ಪುತ್ತಾರೆ.

ಆ ಸಂಜೆ ನಾನು ದೀಪ ಆರಿಸಲಿಲ್ಲ. ಅದಾದ ಮೇಲೆ ಒಮ್ಮೆಯೂ ಆರಿಸಲಿಲ್ಲ. ಇನ್ನು ಮುಟ್ಟದಿದ್ದರೆ ಎಲ್ಲ ಸರಿಯಾಗುತ್ತದೆ ಎಂದು ನಂಬಿದೆ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು ಎಂದು ಹೇಳಿಕೊಡುವವರು ಯಾರಿದ್ದರು? ಹೇಳಿಬಿಡಬೇಕೆಂದು ದಿನವೂ ಶೈಲಾಳ ಎದುರು ನಿಂತೆ. "ಏನವ್ವಾ?" ಎಂದು ಅವಳು ತಲೆಯೆತ್ತಿದರೆ ಚಹಾ ಬೇಕೇನು ಎಂದು ಕೇಳಿದೆ. ಆ ಎರಡು ತಿಂಗಳಲ್ಲಿ ನನ್ನ ಮಗಳು ಕುಡಿದಷ್ಟು ಚಹಾ ಅವಳ ಜನ್ಮದಲ್ಲಿ ಕುಡಿದಿರಲಿಕ್ಕಿಲ್ಲ.

ಮಾರ್ಚಿನಲ್ಲಿ ಬಾಲದ ಹತ್ತಿರ ಕಚ್ಚು ಇದ್ದವನ ಬೆಳ್ಳಿ ಮಾಸಿತು. ನಾಲ್ಕು ದಿನದಲ್ಲಿ ಇನ್ನೂ ಕೆಲವು ಚಹಾದ ಬಣ್ಣಕ್ಕೆ ತಿರುಗಿದವು. ಶೈಲಾ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದಳು. ಉತ್ತರ ಬಂದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿನಲ್ಲೂ ತಾಯಿಗೆ ಕೇಳಿಸುತ್ತದೆ. ಎಡಗಡೆ ತೊಟ್ಟಿಯಲ್ಲಿ ಹತ್ತೊಂಬತ್ತು ಗಂಡು ಮೀನು ಮೈನೆರೆದಿದ್ದವು, ಬಲಗಡೆ ಎರಡು.

ನನಗೆ ಎದೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಫೋನ್ ತೆಗೆದುಕೊಂಡು ಹಿತ್ತಲ ನಿಂಬೆಗಿಡದ ಹತ್ತಿರ ಹೋಗಿ ಪೋರ್ಟರ್ ರ್ಯಾಂಚ್‌ಗೆ ಹಚ್ಚಿದೆ. ಅಲ್ಲಿ ನಿಮ್ಮ ಅಜ್ಜನ ತಂಗಿ, ಗಂಗವ್ವ, ಮಗ ಸೊಸೆಯ ಜೊತೆ ಇದ್ದಾಳೆ. ನನ್ನ ಜೀವಮಾನದಲ್ಲಿ ನಾನು ಮನಸ್ಸು ಬಿಚ್ಚುವುದು ಅವಳೊಬ್ಬಳ ಹತ್ತಿರ. ಆದರೆ ಮೂರು ಮಾರು ದೂರದ ಕಿಟಕಿಯಲ್ಲಿ ಅಳಿಯಂದಿರು ಮೀಟಿಂಗಿನಲ್ಲಿದ್ದರು. ಹಾಗಾಗಿ ಸೆರಗು ಬಾಯಿಗೆ ಹಿಡಿದು, ಬಿಡಿಸಿ ಹೇಳದೆ ಹೇಳಿದೆ.

"ಗಂಗವ್ವಾ, ನಮ್ಮ ಮನ್ಯಾಗ ದೊಡ್ಡದಾಗೇತಿ."

"ಏನ್ ದೊಡ್ಡದು ವೈನಿ?"

"ಅದ ನೋಡು... ಮೈನೆರದೈತಿ."

ಗಂಗವ್ವನ ದನಿ ಒಮ್ಮೆಲೇ ಏರಿತು. ಯಾವಾಗ ಎಂದಳು. ನನಗೆ ಅದು ಎಷ್ಟು ಎಂದು ಕೇಳಿಸಿತು, ಹತ್ತೊಂಬತ್ತು ಎಂದೆ. ಬರೆದುಕೊಂಡಳು. ಶೈಲಾ ಏನನ್ನುತ್ತಾಳೆ ಎಂದಳು. ಅಳುತ್ತಾಳೆ ಎಂದೆ.

"ಅಳೂದ್ಯಾಕ್ರಿ? ಎಲ್ಲಾರ ಮನ್ಯಾಗ ಆಗೂದ. ನೀವು ಯಾರ ಮುಂದೂ ಏನೂ ಅನಬ್ಯಾಡ್ರಿ. ನಾ ಎಲ್ಲಾ ನೋಡ್ಕೋತೀನಿ."

ಎಲ್ಲರ ಮನೆಯಲ್ಲಿ ಆಗುತ್ತದೆ ಎಂದದ್ದು ವಿಚಿತ್ರ ಅನ್ನಿಸಿತು. ಪೋರ್ಟರ್ ರ್ಯಾಂಚ್‌ನಲ್ಲೂ ಗ್ಯಾರೇಜಿನಲ್ಲಿ ಮೀನು ಇಡುತ್ತಾರೇನೋ ಅಂದುಕೊಂಡೆ. ಗಂಗವ್ವ ಜಾಣೆ, ಶೈಲಾಗೆ ಫೋನ್ ಮಾಡಿ ನನ್ನ ಪರವಾಗಿ ನಾಲ್ಕು ಮಾತು ಆಡುತ್ತಾಳೆ ಎಂದು ಸಮಾಧಾನದಿಂದ ನಾಲ್ಕು ನಿಂಬೆಹಣ್ಣು ಕಿತ್ತುಕೊಂಡು ಒಳಗೆ ಬಂದೆ.

ರವಿವಾರ ಹನ್ನೊಂದಕ್ಕೆ ಮನೆಯ ಮುಂದೆ ಕಾರು ನಿಂತಿತು. ಗಂಗವ್ವ ಇಳಿದಳು. ಇಳಕಲ್ ಸೀರೆ, ಅದೇ ಅಂಚಿನ ಮಾಸ್ಕು. ಹಿಂದೆ ಸೊಸೆ ಆರತಿಯ ತಟ್ಟೆ ಹಿಡಿದಿದ್ದಳು. ಹಸಿರು ಬಳೆ, ಹಸಿರು ರೇಷ್ಮೆಯ ಚಿಕ್ಕ ಸೀರೆ, ಐದು ಕೊಬ್ಬರಿ ಬಟ್ಟಲು, ಒಂದು ಡಬ್ಬಿ ಅಂಟಿನುಂಡಿ. ಒಳಗೆ ಬರುವುದಿಲ್ಲ, ರೋಗದ ಕಾಲ, ಎಲ್ಲ ಇಲ್ಲೇ ಮಾಡೋಣ ಎಂದು ಕಾರು ನಿಲ್ಲಿಸುವ ಜಾಗದಲ್ಲೇ ಸೊಸೆಯ ಕೈಯಿಂದ ಮಣೆ ಹಾಕಿಸಿದಳು. ಅಷ್ಟರಲ್ಲಿ ನಿಧಿ ಸ್ಕೇಟಿಂಗ್ ಹಲಗೆಯ ಮೇಲೆ ಬೀದಿಯ ತಿರುವಿನಿಂದ ಬಂದಳು. ಗಂಗವ್ವ ಅವಳನ್ನು ನೋಡಿದ್ದೇ ಆರತಿ ಹಾಡು ಎತ್ತಿದಳು. ಎದುರು ಮನೆಯ ಅಮೆರಿಕದ ಮುದುಕ ಗಿಡಕ್ಕೆ ನೀರು ಬಿಡುತ್ತಿದ್ದವನು ನಲ್ಲಿ ನಿಲ್ಲಿಸಿ ಕೇಳತೊಡಗಿದ.

ಗ್ಯಾರೇಜಿನ ಬಾಗಿಲು ಮೇಲೇರಿತು. ರಬ್ಬರ್ ಬೂಟು ಹಾಕಿಕೊಂಡು ಕೈಯಲ್ಲಿ ಮೀನು ಹಿಡಿಯುವ ಬಲೆ ಹಿಡಿದ ಶೈಲಾ ಹೊರಗೆ ಬಂದಳು.

"ಏನ್ರಿ ಗಂಗತ್ತಿ ಇದು?"

"ನೀ ನನ್ನ ಕೇಳತೀ? ಮಗಳು ದೊಡ್ಡಾಕಿ ಆದ್ರ ಅತ್ತೆಗೆ ಒಂದು ಮಾತು ಹೇಳಬಾರದೇನವಾ? ಹತ್ತೊಂಬತ್ತನೇ ತಾರೀಖು, ನಕ್ಷತ್ರನೂ ಛಲೋ ಐತಿ. ಅಳೂದ್ಯಾಕ?"

ನಿಧಿಗೆ ಕನ್ನಡ ಮಾತಾಡಲು ಬೇಸರವೇ ಹೊರತು ತಿಳಿಯುವುದೆಲ್ಲ ತಿಳಿಯುತ್ತದೆ. ಅವಳ ಮುಖ ಕುಂಕುಮದ ಬಟ್ಟಲಾಯಿತು. ಅಮ್ಮನನ್ನು ನೋಡಿದಳು, ಮುದುಕನನ್ನು ನೋಡಿದಳು. "ಐ ಡಿಡ್ ನಾಟ್" ಎಂದಳು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿದಳು. "ಆಯಿ, ಏನು ಹೇಳಿದಿ ನೀನು?"

ಅವಳ ಕಣ್ಣಲ್ಲಿ ನೀರು ಬಂದಿತ್ತು. ಮಕ್ಕಳೇ, ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಈಗಲೂ ಆಗದ ಮಾತು. ಆದರೆ ಆ ಕೂಸು ಮಣೆಯ ಮುಂದೆ ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ. ಸೆರಗು ಬಾಯಿಂದ ತೆಗೆದೆ.

"ಅಕಿ ಅಲ್ಲ ಗಂಗವ್ವಾ, ಮೀನು. ಎಡಗಡೆ ತೊಟ್ಟ್ಯಾನ ಮೀನು ಮೈನೆರದಾವ. ನಾ ದೀಪ ಆರಿಸಿದ್ದಕ್ಕ."

ತಂಪಿನ ಯಂತ್ರದ ಗೊರಗೊರ ಒಂದೇ ಕೇಳಿಸುತ್ತಿತ್ತು. ಬಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಂದ ಆರಿಸಿದಿ ಅವ್ವಾ?" ಎಂದಳು ಶೈಲಾ.

"ಕಾರ್ತಿಕದಿಂದ ಸಂಕ್ರಾಂತಿ ತನಕ. ದಿನಾ. ನೀ ಮರೀತಿ ಅಂತ ಮಾಡಿದ್ನೆವ್ವಾ."

"ಆಮ್ಯಾಲ?"

"ಆಮ್ಯಾಲ ಆರಿಸಲೇ ಇಲ್ಲ."

ಶೈಲಾ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. "ಎರಡು ತಿಂಗಳು ಚಳಿಗಾಲ ಮಾಡೀದಿ," ಎಂದಳು. "ಆಮ್ಯಾಲ ಒಮ್ಮಿಗೆ ವಸಂತ ತಂದೀದಿ. ಮೈನೆರಸಬೇಕಂದ್ರ ನಾನೂ ಹಿಂಗ ಮಾಡತಿದ್ದೆ." ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಎದ್ದು ಒಳಗೆ ಹೋದಳು. ಗ್ಯಾರೇಜಿನ ಬಾಗಿಲು ನಿಧಾನವಾಗಿ ಕೆಳಗಿಳಿಯಿತು. ಅಷ್ಟು ಹೊತ್ತು ಕೆಳಗಿಳಿಯುವ ಬಾಗಿಲನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಗಂಗವ್ವ ಆರತಿ ತಟ್ಟೆ ಕಾರಿನ ಮೇಲಿಟ್ಟಳು. ಸ್ವಲ್ಪ ಹೊತ್ತು ಯೋಚಿಸಿ, "ಗಂಡು ಮೀನೋ, ಹೆಣ್ಣು ಮೀನೋ?" ಎಂದು ಕೇಳಿದಳು. ಗಂಡು ಎಂದೆ. "ಹಾಂಗಾರ ಈ ಹಸಿರು ಬಳೆ ಬರೂದಿಲ್ಲ ಬಿಡ್ರಿ," ಎಂದಳು. ಮೊದಲು ನಕ್ಕವಳು ನಿಧಿ. ಅಳು ಇನ್ನೂ ಒಣಗಿರಲಿಲ್ಲ, ಮೂಗಿನಿಂದ ನಗು ಬಂತು. ಆಮೇಲೆ ಆರಾರು ಅಡಿ ದೂರ ಕೂತು ಎಲ್ಲರೂ ಅಂಟಿನುಂಡಿ ತಿಂದೆವು. ಎದುರು ಮನೆಯ ಮುದುಕನಿಗೂ ಎರಡು ಕೊಟ್ಟೆವು. ಯಾತರ ಹಬ್ಬ ಎಂದು ಕೇಳಿದನಂತೆ. ಮೀನು ದೊಡ್ಡವಾದ ಹಬ್ಬ ಎಂದು ಅಳಿಯಂದಿರು ಹೇಳಿದರಂತೆ. ಅವನು ತಲೆಯಾಡಿಸಿ, ಒಳ್ಳೆಯ ಪದ್ಧತಿ ಎಂದನಂತೆ.

ಸಂಜೆ ಶೈಲಾ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. ಬೈಯಲಿಲ್ಲ. ಯಾವ ದಿನದಿಂದ, ಎಷ್ಟು ಗಂಟೆಗೆ, ಒಂದು ದಿನವಾದರೂ ತಪ್ಪಿದೆಯೇ ಎಂದು ಪೊಲೀಸರ ಹಾಗೆ ಕೇಳಿ ಬರೆದುಕೊಂಡಳು. ತಪ್ಪಿಲ್ಲ, ದೇವರ ದೀಪದ ಹೊತ್ತು ಅದು, ಹೇಗೆ ತಪ್ಪುತ್ತದೆ ಎಂದೆ. ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅವ್ವಾ, ಒಂದು ಮಾತು ಕೇಳಿದ್ರ ಏನಾಗತಿತ್ತು?" ಎಂದಳು. ಚಹಾ ಬೇಕೇನು ಎಂದು ಈ ಸಲ ನಾನು ಕೇಳಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಅವಳು ಮೇಲಿನವರಿಗೆ ಬರೆದಳು. ಎಡಗಡೆ ತೊಟ್ಟಿಯ ಲೆಕ್ಕ ಹಿಡಿಯುವಂತಿಲ್ಲ ಎಂದು ಉತ್ತರ ಬಂತು. ಆ ಚಳಿಗಾಲದ ದುಡಿಮೆ ಹೋಯಿತು. ಜೂನ್‌ನಿಂದ ಅವಳ ಕೆಲಸ ಅರ್ಧವಾಯಿತು, ಉಳಿದ ಅರ್ಧಕ್ಕೆ ಕಾಲೇಜಿನ ಹುಡುಗರಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳಿದಳು. ಮುಂದಿನ ಚಳಿಗಾಲಕ್ಕೆ ಶೆಡ್ಡಿನಲ್ಲಿ ಮತ್ತೆ ಮೊದಲಿನಿಂದ ಮಾಡಲು ಒಪ್ಪಿಗೆ ಸಿಕ್ಕಿತು. ಸ್ಯಾನ್ ಡಿಯಾಗೋ ಬಿಡಬೇಕಾಗಲಿಲ್ಲ. ಶೆಡ್ಡಿನ ದೀಪಗಳ ಸ್ವಿಚ್ಚಿಗೆ ಅವಳು ಪೆಟ್ಟಿಗೆ ಹಾಕಿ ಬೀಗ ಹಾಕಿಸಿದಳು ಎಂದು ಅಳಿಯಂದಿರು ಹೇಳಿದರು. ನನ್ನ ಮೀನುಗಳನ್ನು ಒಂದು ದಿನ ವ್ಯಾನು ಬಂದು ಒಯ್ಯಿತು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಶೈಲಾ ಹೇಳಲಿಲ್ಲ.

ದಸರಾ ಕಳೆದ ಮೇಲೆ ಒಂದು ಸಂಜೆ, ನಾನು ಗ್ಯಾರೇಜಿನಲ್ಲಿ ಮಶೀನಿನಿಂದ ಬಟ್ಟೆ ತೆಗೆಯುತ್ತಿದ್ದೆ. ಖಾಲಿ ತೊಟ್ಟಿಗಳನ್ನು ಒಯ್ಯಲು ಇನ್ನೂ ಯಾರೂ ಬಂದಿರಲಿಲ್ಲ. ನಿಧಿ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಕಾಲ ಬೆರಳಿನಿಂದ ನೆಲ ಕೆದರುತ್ತಿದ್ದಳು. ನನ್ನ ಮೊಮ್ಮಗಳೇ ಸೈ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗ.

"ಆಯಿ," ಎಂದಳು. "ಪೋರ್ಟರ್ ರ್ಯಾಂಚ್‌ಗೆ ಫೋನ್ ಮಾಡಬ್ಯಾಡ."

ನನಗೆ ತಿಳಿಯಿತು. ಅಮ್ಮನಿಗೆ ಗೊತ್ತೇನು ಎಂದೆ. ಗೊತ್ತು ಎಂದು ತಲೆಯಾಡಿಸಿದಳು. ಹೊಟ್ಟೆ ನೋಯುತ್ತದೇನು ಎಂದೆ. ಸ್ವಲ್ಪ ಎಂದಳು. ಅಡಿಗೆಮನೆಗೆ ಹೋಗಿ ಫ್ರೀಜರಿನ ತಳ ಹುಡುಕಿದೆ. ಗಂಗವ್ವನ ಅಂಟಿನುಂಡಿ ಐದು ಉಳಿದಿದ್ದವು, ಕಲ್ಲಿನ ಹಾಗೆ. ಎರಡನ್ನು ಬಿಸಿ ಮಾಡಿ ತಂದುಕೊಟ್ಟೆ. ನಿಧಿ ಮಶೀನಿನ ಮೇಲೆ ಹತ್ತಿ ಕೂತು, ಕಾಲು ಜೋಲಾಡಿಸುತ್ತ ತಿಂದಳು. ಆರತಿ ಇಲ್ಲ, ಹಾಡು ಇಲ್ಲ. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತ ನಿಂತೆ.

ಹೊರಗೆ ಹೊತ್ತು ಮುಳುಗಿತ್ತು. ದೇವರಿಗೆ ದೀಪ ಹಚ್ಚುವ ವೇಳೆ. ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಟವಳ ಕೈ ರೂಢಿಯಂತೆ ಸ್ವಿಚ್ಚಿನ ಮೇಲೆ ಹೋಯಿತು. ಅಲ್ಲೇ ತಡೆದೆ.

"ನಿಧಿ, ಲೈಟ್ ಆರಿಸಲೇನು, ಇರಲೇನು?" ಎಂದು ಕೇಳಿದೆ.

ಅವಳು ಬಾಯಿ ತುಂಬಿಕೊಂಡಿದ್ದಳು. ನುಂಗುವವರೆಗೆ ಕಾದೆ.

"ಇನ್ನೂ ಸ್ವಲ್ಪ ಹೊತ್ತು ಇರಲಿ ಆಯಿ," ಎಂದಳು.